ವಯಸ್ಸು ಕೊಡುತ್ತಿದ್ದ ಅಕ್ಕೋರು

ಅಕ್ಕೋರ ಎರಡೂ ಮೊಣಕೈಗಳು ಕಪ್ಪಾಗಿ ಜಡ್ಡುಗಟ್ಟಿದ್ದವು. ವರ್ಷಗಟ್ಟಲೆ ಬರಿನೆಲದ ಮೇಲೆ ಬೋರಲು ಮಲಗಿ, ಮೊಣಕೈ ಊರಿ ಬರೆದವರಿಗೆ ಮಾತ್ರ ಬರುವ ಜಡ್ಡು ಅದು. ಕಾಲೇಜಿಗೆ ಅವರು ಗಂಜಿ ಹಾಕಿದ ಕಾಟನ್ ಸೀರೆಯುಟ್ಟು, ಮೊಣಕೈ ಮುಚ್ಚುವಷ್ಟು ಉದ್ದ ತೋಳಿನ ರವಿಕೆ ತೊಟ್ಟು ಬರುತ್ತಿದ್ದುದರಿಂದ ಅಲ್ಲಿ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನಾವು ಅವರ ಮನೆಯ ಕೆಳಭಾಗದಲ್ಲಿ ಬಾಡಿಗೆಗೆ ಇದ್ದವರು. ನನಗೆ ಗೊತ್ತಿತ್ತು.

ನಾರಾಯಣಗೂಡದ ಒಂದು ಓಣಿಯಲ್ಲಿ ಅವರ ಹಳೆಯ ಮನೆ. ಕಲಬುರಗಿ ಕಡೆಯಿಂದ ನಿಜಾಮರ ಕಾಲದಲ್ಲೇ ಅವರ ರಾಜಧಾನಿಯಾಗಿದ್ದ ಈ ಊರಿಗೆ ಸರ್ಕಾರಿ ನೌಕರಿಗೆ ಬಂದ ಅಜ್ಜ ಕಟ್ಟಿಸಿದ್ದು. ಅಕ್ಕೋರು ಹತ್ತಿರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ತರಕಾರಿಯವಳ ಜೊತೆ ತೆಲುಗು, ಆಟೋದವನ ಜೊತೆ ಉರ್ದು, ತರಗತಿಯಲ್ಲಿ ಇಂಗ್ಲಿಷು. ಕನ್ನಡ ಮಾತ್ರ ಮನೆಯ ಮೆಟ್ಟಿಲು ಹತ್ತಿದ ಮೇಲೆ. ರಾಯಚೂರಿನವರಾದ ನನ್ನ ಅಪ್ಪ ಅಮ್ಮ, ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ, ಅವರನ್ನು ಅಕ್ಕೋರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ರಜೆಯ ದಿನ ಮೇಲೆ ಹೋದರೆ ಪಡಸಾಲೆಯ ತುಂಬ ಹಾಳೆ ಹಾಸಿರುತ್ತಿತ್ತು. ಹಳೆಯ ಕ್ಯಾಲೆಂಡರ್‌ಗಳನ್ನು ಮೈದಾ ಅಂಟಿನಿಂದ ಒಂದಕ್ಕೊಂದು ಜೋಡಿಸಿ, ಅವುಗಳ ಖಾಲಿ ಬೆನ್ನ ಮೇಲೆ ಅಕ್ಕೋರು ಯುರೋಪಿನ ರಾಜಮನೆತನಗಳ ವಂಶವೃಕ್ಷ ಬರೆಯುತ್ತಿದ್ದರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಮದುವೆಗೆ ಜೋಡಿ ಗೆರೆ. ಅವು ಪುಸ್ತಕದಲ್ಲಿ ಇದ್ದಂಥವಲ್ಲ. ಎಳೆಯರಿರುವಾಗಲೇ ಸತ್ತ ಯಾರೋ ಒಬ್ಬರನ್ನು ಅವರು ಆರಿಸಿಕೊಳ್ಳುತ್ತಿದ್ದರು. ಆ ಮಗು ಬದುಕಿದ್ದರೆ ಯಾರನ್ನು ಮದುವೆಯಾಗುತ್ತಿತ್ತು, ಎಷ್ಟು ಮಕ್ಕಳಾಗುತ್ತಿದ್ದವು, ಪಟ್ಟ ಯಾರಿಗೆ ಹೋಗುತ್ತಿತ್ತು ಎಂದು ಅಲ್ಲಿಂದ ಕೆಳಗೆ ನಾಲ್ಕೈದು ತಲೆಮಾರು ಇಳಿಸುತ್ತಿದ್ದರು.

ಇಂಗ್ಲೆಂಡಿನ ಒಬ್ಬ ರಾಣಿ ಹದಿನೇಳು ಸಲ ಬಸುರಾಗಿಯೂ ಒಂದು ಮಗುವನ್ನೂ ದೊಡ್ಡದಾಗುವ ತನಕ ಉಳಿಸಿಕೊಳ್ಳಲಾಗಲಿಲ್ಲವಂತೆ. ಅಕ್ಕೋರು ಅವಳಿಗೆ ಐದು ಮಕ್ಕಳನ್ನು ಉಳಿಸಿಕೊಟ್ಟಿದ್ದರು. ದೊಡ್ಡ ಮಗನಿಗೆ ಸ್ಪೇನಿನ ಹುಡುಗಿಯನ್ನು ತರೋಣವೆಂದು ನಾನು ಹೇಳಿದಾಗ ತಲೆಯೆತ್ತದೆಯೇ ಅಂದರು:

"ಕ್ಯಾಥೊಲಿಕ್ ಹುಡುಗಿ ಬರಂಗಿಲ್ಲ. ಅಲ್ಲಿ ಪಾರ್ಲಿಮೆಂಟ್ ಒಪ್ಪಂಗಿಲ್ಲ. ಸ್ವೀಡನ್ ಕಡೆ ನೋಡು."

ಬೀಗತನ ನೋಡುವ ಹಿರಿಯರ ಗಂಭೀರತೆ ಆ ಮುಖದಲ್ಲಿ ಇರುತ್ತಿತ್ತು. ಆದರೆ ಅವರದೊಂದು ಕಟ್ಟುನಿಟ್ಟು ಇತ್ತು. ಅದನ್ನು ಎಂದೂ ಮೀರಲಿಲ್ಲ. "ನಾ ಯಾರಿಗೂ ರಾಜ್ಯ ಕೊಡಂಗಿಲ್ಲ ತಂಗಿ, ಯುದ್ಧ ಗೆಲ್ಲಿಸಂಗಿಲ್ಲ. ವಯಸ್ಸಷ್ಟ ಕೊಡ್ತೀನಿ. ಮುಂದಿಂದು ಅವರವರ ಹಣೇಬರ."

ಪ್ರತಿ ಹಾಳೆಯ ಕೆಳಗಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಇನ್ನೊಂದು ಪಟ್ಟಿ ಇರುತ್ತಿತ್ತು. ಅದರ ತಲೆಬರಹ "ಹುಟ್ಟದವರು". ಸತ್ತವನೊಬ್ಬ ಬದುಕಿದರೆ ಪಟ್ಟ ಅವನ ತಮ್ಮನಿಗೆ ಹೋಗುವುದಿಲ್ಲ. ತಮ್ಮನ ಮದುವೆ ಬೇರೆ ಕಡೆ ಆಗುತ್ತದೆ. ನಿಜವಾಗಿ ಹುಟ್ಟಿದ್ದ ಅವನ ಮಕ್ಕಳು ಈ ಹಾಳೆಯಲ್ಲಿ ಹುಟ್ಟುವುದಿಲ್ಲ. ಆ ಹೆಸರುಗಳನ್ನು ಅಕ್ಕೋರು ಒಂದನ್ನೂ ಬಿಡದೆ ಬರೆದಿಡುತ್ತಿದ್ದರು.

"ಪಾಪ, ಇವರೇನು ಮಾಡಿದ್ರು ಅಕ್ಕೋರೆ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ಏನೂ ಮಾಡಿಲ್ಲ. ಒಬ್ಬರಿಗೆ ವಯಸ್ಸು ಕೊಟ್ರ ಇನ್ನೊಬ್ಬರ ದಾರಿ ಮುಚ್ಚತೈತಿ. ಮುಚ್ಚಿದಾಕಿ ನಾನು. ಹೆಸರರೆ ಬರದು ಇಡಬೇಕಲ್ಲ?"

ಅವರದೇ ಕಾಲೇಜಿಗೆ ನಾನು ಬಿ.ಎ. ಸೇರಿದ ಮೇಲೆ ಒಂದು ತಪ್ಪು ಮಾಡಿದೆ. ಹೊಸ ಗೆಳತಿಯರ ಮುಂದೆ ಹೇಳಿಕೊಳ್ಳಲು ನನ್ನಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಅಕ್ಕೋರ ಹಾಳೆಗಳ ಸುದ್ದಿ ಹೇಳಿದೆ. ನೆಲದ ಮೇಲೆ ತೆವಳುತ್ತ ಸತ್ತ ರಾಜರಿಗೆ ಮದುವೆ ಮಾಡಿಸುತ್ತಾರೆ, ತಾವು ಮಾತ್ರ ಮಾಡಿಕೊಳ್ಳಲಿಲ್ಲ ಎಂದೆ. ಎಲ್ಲರೂ ನಕ್ಕರು. ಅವರು ನಕ್ಕಿದ್ದು ನನಗೆ ಹಿತವಾಗಿತ್ತು. ಮರುದಿನ ಕರಿಹಲಗೆಯ ಮೇಲೆ ಯಾರೋ ಒಂದು ವಂಶವೃಕ್ಷ ಬರೆದಿದ್ದರು. ಸ್ಪೇನಿನ ರಾಜನ ಪಕ್ಕ ಜೋಡಿ ಗೆರೆ ಎಳೆದು ಅಕ್ಕೋರ ಹೆಸರು. ಕೆಳಗೆ ಏಳು ಮಕ್ಕಳು.

ಅಕ್ಕೋರು ಒಳಗೆ ಬಂದರು. ಓದಿದರು. ಅವರು ಡಸ್ಟರ್ ತೆಗೆದುಕೊಳ್ಳದೆ ಸೀಮೆಸುಣ್ಣ ತೆಗೆದುಕೊಂಡು, ಆ ರಾಜನ ಅಪ್ಪನ ಹೆಸರು ತಪ್ಪಾಗಿದ್ದುದನ್ನು ತಿದ್ದಿದರು. ಆಮೇಲೆ ಹಲಗೆಯ ಉಳಿದ ಜಾಗದಲ್ಲೇ ಅಂದಿನ ಪಾಠ ಶುರುಮಾಡಿದರು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಆ ಹಾಳೆಗಳ ವಿಷಯ ಹೊರಗೆ ಗೊತ್ತಿದ್ದುದು ನನಗೊಬ್ಬಳಿಗೇ.

ಆ ಸಂಜೆ ಮೆಟ್ಟಿಲು ಹತ್ತಿ ಹೋದೆ. ಅವರು ಅಕ್ಕಿ ಆರಿಸುತ್ತ ಕೂತಿದ್ದರು. ನಾನು ಬಾಗಿಲಲ್ಲೇ ನಿಂತು ಅತ್ತೆ. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. "ಕೂಡು" ಅಂದರು. ಮೊರವನ್ನು ಬದಿಗಿಟ್ಟು, ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದರು.

ಅವರಿಗೊಬ್ಬ ತಮ್ಮ ಇದ್ದ. ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ಕಾಯಿಲೆ, ಹಿಮೋಫಿಲಿಯಾ. ಚೂರು ತಾಕಿದರೂ ಮೊಣಕಾಲೊಳಗೆ ರಕ್ತ ತುಂಬಿ ಬಾವು ಬರುತ್ತಿತ್ತು. ಅರ್ಧ ವರ್ಷ ಹಾಸಿಗೆಯ ಮೇಲೆಯೇ. ಆಡುವ ಹಾಗಿಲ್ಲ, ಓಡುವ ಹಾಗಿಲ್ಲ. ಬೇಸರ ಕಳೆಯಲೆಂದು ಅಕ್ಕ ತನ್ನ ಇತಿಹಾಸದ ಪುಸ್ತಕಗಳನ್ನು ಓದಿ ಹೇಳುತ್ತಿದ್ದಳು. ತನ್ನದೇ ಕಾಯಿಲೆ ರಷ್ಯಾದ ಕೊನೆಯ ರಾಜಕುಮಾರನಿಗೂ ಇತ್ತು, ಅದು ಇಂಗ್ಲೆಂಡಿನ ಇನ್ನೊಬ್ಬ ರಾಣಿಯ, ಮುಂದಿನ ಕಾಲದವಳ, ಹೆಣ್ಣುಮಕ್ಕಳಿಂದ ಅಲ್ಲಿಗೆ ಹೋಯಿತು ಎಂದು ತಿಳಿದ ದಿನ ತಮ್ಮ ಎದ್ದು ಕೂತನಂತೆ. ಆ ರಾಣಿಗಿಂತ ಮುಂಚೆ ಪಟ್ಟಕ್ಕೆ ಬರಬೇಕಾಗಿದ್ದ ಯುವರಾಣಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳು ಸತ್ತದ್ದಕ್ಕೇ ಅವಳ ಕಾಕಾಗಳು ವಾರಸುದಾರರು ಬೇಕೆಂದು ಅವಸರದಲ್ಲಿ ಮದುವೆಯಾದರು. ಹಾಗೆ ಹುಟ್ಟಿದವಳು ಈ ರಾಣಿ.

"'ಆ ಹುಡುಗಿ ಹಡೆಯೂ ಮುಂದ ಸಾಯದಿದ್ರ ರಷ್ಯಾದ ಹುಡುಗನ ಮೊಣಕಾಲು ಬಾವು ಬರ್ತಿದ್ದಿಲ್ಲಲ್ಲ ಅಕ್ಕಾ?' ಅಂದ. ಆವತ್ತ ಇಬ್ಬರೂ ಕೂಡಿ ಬರದ್ವಿ. ಅದ ಮೊದಲನೇದು."

ಹದಿನಾಲ್ಕರ ವಯಸ್ಸಿನಲ್ಲಿ ತಮ್ಮನ ಹಲ್ಲು ಕೀಳಿಸಬೇಕಾಯಿತು. ಆ ರಕ್ತ ನಿಲ್ಲಲಿಲ್ಲ.

ನಾನು ಕೇಳಬಾರದ್ದನ್ನು ಕೇಳಿದೆ. "ಇಷ್ಟು ಮಂದಿಗೆ ಬರೀತೀರಿ. ನಿಮ್ಮ ಮನೀದು ಯಾಕ ಬರೀಲಿಲ್ಲ ಅಕ್ಕೋರೆ?"

"ಬರಿಯಾಕ ಕೂತಿದ್ದೆ," ಅಂದರು. "ತಮ್ಮ ಚಂದಂಗಿ ಹುಟ್ಟಬೇಕಂದ್ರ ಆ ರಕ್ತ ನಮ್ಮ ಮನಿಗೆ ಬರಬಾರದು. ಅದು ತಾಯಿ ಕಡಿಂದ ಇಳಿಯೋ ರಕ್ತ, ಬರಬಾರದಂದ್ರ ನಮ್ಮವ್ವ ಹುಟ್ಟಬಾರದು. ಹುಟ್ಟದವರ ಪಟ್ಟಿಯೊಳಗ ಅವ್ವನ ಹೆಸರು ಬರಿಬೇಕಾತು. ಪೆನ್ಸಿಲ್ ಇಟ್ಟು ಎದ್ದೆ."

ಆ ರಕ್ತ ತಮ್ಮಲ್ಲೂ ಇರಬಹುದೆಂದೇ ಅವರು ಮದುವೆಯನ್ನು ಬೇಡವೆಂದದ್ದು. ಅದನ್ನು ಅವರು ಹೇಳಿದ್ದು ಒಂದೇ ಸಾಲಿನಲ್ಲಿ, ಅದೂ ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡು. ಹಿಂದಿನ ದಿನ ಗೆಳತಿಯರ ಮುಂದೆ ನಾನು ಆಡಿದ ಮಾತು ನನಗೇ ತಿರುಗಿ ಕೇಳಿಸಿತು. ಅದು ಈಗಲೂ ಕೇಳಿಸುತ್ತದೆ.

ಓದು ಮುಗಿದು, ಮದುವೆಯಾಗಿ, ನಾನು ನಗರದ ಇನ್ನೊಂದು ತುದಿಯ ಗಚ್ಚಿಬೌಲಿಯ ಅಪಾರ್ಟ್‌ಮೆಂಟಿಗೆ ಹೋದೆ. ಅಪ್ಪ ಅಮ್ಮ ಊರಿಗೆ ಮರಳಿದರು. ಅಕ್ಕೋರು ನಿವೃತ್ತರಾಗಿ ಅದೇ ಮನೆಯಲ್ಲಿ ಉಳಿದರು. ತಿಂಗಳಿಗೊಮ್ಮೆ, ಟ್ರಾಫಿಕ್ಕು ಕಡಿಮೆಯಿರುವ ಭಾನುವಾರ ಬೆಳಿಗ್ಗೆ, ಹೋಗಿ ಬರುತ್ತಿದ್ದೆ. ಅವರ ಮನೆಯ ಪಕ್ಕದ ಹಳೆಯ ಬಂಗಲೆ ಒಡೆದು ಐದಂತಸ್ತಿನ ಕಟ್ಟಡ ಏಳುತ್ತಿದ್ದ ಕಾಲ. ಅಲ್ಲಿ ಗಾರೆ ಕೆಲಸಕ್ಕೆ ಯಾದಗಿರಿ ಕಡೆಯ ಒಂದು ಕುಟುಂಬ ಬಂದು ತಗಡಿನ ಷೆಡ್ಡಿನಲ್ಲಿ ಇಳಿದಿತ್ತು. ಗಂಡ, ಹೆಂಡತಿ, ಗಂಡನ ತಾಯಿ, ನಾಲ್ಕು ವರ್ಷದ ಮಗ. ಹೆಂಡತಿ ನೀರಿಗೆ ಬಂದು "ಅಕ್ಕಾರ, ಒಂದು ಕೊಡ ತುಂಬ್ಕೊಳ್ಳೇನ್ರಿ?" ಎಂದು ಕೇಳಿದ ದಿನದಿಂದ ಅಕ್ಕೋರ ನಲ್ಲಿ ಅವರದೂ ಆಯಿತು.

ಒಂದು ಭಾನುವಾರ ನಾನು ಹೋದಾಗ ಆ ಹೆಂಗಸು ಮಗುವನ್ನು ಹೊತ್ತುಕೊಂಡು ಗೇಟಿನಲ್ಲಿ ನಿಂತಿದ್ದಳು. ಎರಡು ದಿನದ ಹಿಂದೆ ಅವನು ಬಿದ್ದಿದ್ದ. ತುಟಿ ಒಡೆದದ್ದು ಇನ್ನೂ ಜಿನುಗುತ್ತಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ಹತ್ತಿ ಒತ್ತಿ ಕಳಿಸಿದ್ದರಂತೆ. ಅಕ್ಕೋರು ಬಾಯಿ ನೋಡಲಿಲ್ಲ. ಚಡ್ಡಿ ಸರಿಸಿ ಮೊಣಕಾಲು ನೋಡಿದರು. ಅದು ಊದಿ, ಬಿಸಿಯಾಗಿ, ಹೊಳೆಯುತ್ತಿತ್ತು.

"ತಂಗಿ, ಗಾಡಿ ತಗಿ," ಅಂದರು ನನಗೆ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ದೊಡ್ಡ ಸರ್ಕಾರಿ ಆಸ್ಪತ್ರೆಯ ಉದ್ದನೆಯ ಸಾಲಿನಲ್ಲಿ ಕೂತು ಅಕ್ಕೋರು ತಾಯಿಯನ್ನು ಕೇಳತೊಡಗಿದರು.

"ನಿನ್ನ ತವರಮನ್ಯಾಗ ಗಂಡುಹುಡುಗರು ಎಷ್ಟ ಮಂದಿ ಹುಟ್ಟಿದ್ರವ್ವ?"

"ಮೂರು ಮಂದಿ ಅಣ್ಣತಮ್ಮರ್ರಿ. ಈಗ ಒಬ್ಬಾವ ಅದಾನ."

"ಉಳಿದವರು?"

"ಒಬ್ಬಾವ ಕೂಸಿದ್ದಾಗ ಹೋದ. ಒಬ್ಬಾಂವಗ ಕುಡುಗೋಲು ತಾಕಿತ್ರಿ. ಭಾಳ ದೊಡ್ಡ ಗಾಯೇನಲ್ಲ. ದೇವರ ಕಾಟ ಅಂದ್ರು."

"ನಿಮ್ಮವ್ವನ ಅಣ್ಣತಮ್ಮರು?"

ಅವಳು ಬೆರಳು ಮಡಚುತ್ತ ಹೇಳಿದಳು. ಅಕ್ಕೋರು ನನ್ನ ಕೈಲಿದ್ದ ಆಸ್ಪತ್ರೆಯ ಚೀಟಿಯನ್ನು ಇಸಿದುಕೊಂಡು ಅದರ ಹಿಂದೆ ಬರೆಯುತ್ತ ಹೋದರು. ಚೌಕ, ಸೊನ್ನೆ, ಜೋಡಿ ಗೆರೆ. ರಕ್ತ ಹೋಗಿ ಸತ್ತ ಗಂಡುಮಕ್ಕಳ ಚೌಕಕ್ಕೆ ಕಪ್ಪು ತುಂಬಿದರು. ಮೂರು ತಲೆಮಾರಿನಲ್ಲಿ ನಾಲ್ಕು ಕಪ್ಪು ಚೌಕಗಳಾದವು. ಎಲ್ಲವೂ ತಾಯಂದಿರ ಕಡೆಯಿಂದ ಇಳಿದು ಬಂದಿದ್ದವು. ಸರದಿ ಬಂದಾಗ ಅವರು ಆ ಚೀಟಿಯನ್ನು ಮಾತಿಲ್ಲದೆ ಡಾಕ್ಟರ ಮುಂದಿಟ್ಟರು. ಎಳೆಯ ಡಾಕ್ಟರಮ್ಮ ಅದನ್ನು ನೋಡಿ, ಮಗುವನ್ನು ನೋಡಿ, ತಕ್ಷಣ ಎದ್ದಳು. ಅದೇ ದಿನ ರಕ್ತ ಪರೀಕ್ಷೆಗೆ ಹೋಯಿತು, ಇಂಜೆಕ್ಷನ್ ಸಿಕ್ಕಿತು. ಮಗು ಉಳಿಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಯಿಲೆ ತಾಯಿಯ ಕಡೆಯಿಂದ ಬಂದದ್ದು ಎಂದು ಆಸ್ಪತ್ರೆಯಲ್ಲಿ ಯಾರೋ ಗಂಡನಿಗೆ ಹೇಳಿದ್ದರು. ಮುಂದಿನ ವಾರ ಅಕ್ಕೋರ ಫೋನು ಬಂತು. ಅತ್ತೆ ಸೊಸೆಯನ್ನೂ ಮಗುವನ್ನೂ ಕಾಚಿಗೂಡದಿಂದ ರೈಲು ಹತ್ತಿಸಿ ತವರಿಗೆ ಕಳಿಸಲು ಗಂಟು ಕಟ್ಟುತ್ತಿದ್ದಾಳೆ, ಮಗನಿಗೆ ಬೇರೆ ಹೆಣ್ಣು ನೋಡುತ್ತಾಳಂತೆ. ಅಲ್ಲಿ ಆ ಇಂಜೆಕ್ಷನ್ ಎಲ್ಲಿ ಸಿಗಬೇಕು?

ನಾನು ಓಡಿ ಬಂದಾಗ ಅಕ್ಕೋರು ಪಡಸಾಲೆಯಲ್ಲಿ ಹೊಸ ಹಾಳೆಯ ಮುಂದೆ ಕೂತಿದ್ದರು. ಅರ್ಧ ಗೆರೆ ಎಳೆದು ನಿಂತಿತ್ತು.

"ಇಷ್ಟು ವರ್ಷ ಸುಳ್ಳು ಬರದೀನಿ ತಂಗಿ. ಇವತ್ತ ಖರೇದು ಬರಿಯಾಕ ಕೈ ಬರವಲ್ದು," ಅಂದರು.

ಆದರೂ ಬರೆದರು. ತಮ್ಮನಿಗೆ ಓದಿ ಹೇಳಿದ್ದ ಇಂಗ್ಲೆಂಡಿನ ಆ ರಾಣಿ, ಅವಳ ಗಂಡ, ಒಂಬತ್ತು ಮಕ್ಕಳು. ಕಾಯಿಲೆಯಿದ್ದ ಮಗ. ಹೆಣ್ಣುಮಕ್ಕಳ ಕೆಳಗೆ ಕಪ್ಪು ಚೌಕಗಳು. ಯಾರಿಗೂ ಒಂದು ದಿನವನ್ನೂ ಹೆಚ್ಚಿಗೆ ಕೊಡಲಿಲ್ಲ. ಹಾಳೆ ಸುತ್ತಿಕೊಂಡು ನಾವಿಬ್ಬರೂ ಷೆಡ್ಡಿಗೆ ಹೋದೆವು.

ಮಧ್ಯಾಹ್ನದ ಬಿಸಿಲಿಗೆ ತಗಡು ಕಾದಿತ್ತು. ಸೊಸೆ ಮೂಲೆಯಲ್ಲಿ ಮಗುವಿನ ಕಾಲಿಗೆ ಕಟ್ಟಿದ್ದ ಬಟ್ಟೆ ಸರಿಮಾಡುತ್ತಿದ್ದಳು. ಅಕ್ಕೋರು ನೆಲದ ಮೇಲೆ ಹಾಳೆ ಹರಡಿ, ಗಂಡನಿಗೂ ಅತ್ತೆಗೂ ಬೆರಳಿಟ್ಟು ತೋರಿಸಿದರು. ಅರ್ಧ ಜಗತ್ತು ಆಳಿದವಳ ಮನೆಯಲ್ಲೂ ಇದೇ ಬಂದಿತ್ತು, ಇದು ಯಾರ ಪಾಪವೂ ಅಲ್ಲ ಎಂದರು.

"ಆ ರಾಣಿನ್ನ ಗಂಡ ಬಿಟ್ಟನೇನ್ರಿ?" ಗಂಡ ಮೆಲ್ಲಗೆ ಕೇಳಿದ.

"ಬಿಡಲಿಲ್ಲಪ. ಈ ಮಗ ಹುಟ್ಟಿದ ಮ್ಯಾಲೂ ಇನ್ನೊಂದು ಮಗು ಆತು."

ಅತ್ತೆ ಹಾಳೆಯನ್ನು ನೋಡಲೂ ಇಲ್ಲ. "ಅವರು ಅರಸರ್ರಿ. ನಾವು ಮಣ್ಣು ಹೊರೋ ಮಂದಿ. ಇಕಿ ರಕ್ತದಾಗ ದೋಷ ಐತಿ, ನಮ್ಮ ವಂಶ ಉಳಿಯಬೇಕಲ್ರಿ."

ಅಕ್ಕೋರು ಹಾಳೆ ಮಡಿಸಿದರು. ಅವರು ಸೋತರು ಎಂದುಕೊಂಡೆ. ಅವರು ಮುಂದೆ ಸರಿದು ಆ ಮುದುಕಿಯ ಎದುರು, ಮೊಣಕಾಲಿಗೆ ಮೊಣಕಾಲು ತಾಕುವಷ್ಟು ಹತ್ತಿರ ಕೂತರು.

"ಅರಸರ ಮಾತು ಬಿಡ್ರಿ ಯವ್ವಾ. ನಮ್ಮ ಮನೀದು ಹೇಳ್ತೀನಿ. ನನ್ನ ತಮ್ಮ ಇದ ಬ್ಯಾನಿಯಿಂದ ಹೋದ. ನಮ್ಮಪ್ಪನ ತಾಯಿ, ನಮ್ಮಜ್ಜಿ, ಭಾಳ ಒಳ್ಳೇಕಿ. ಹಸದು ಬಂದವರಿಗೆ ಇಲ್ಲ ಅಂದಾಕಿ ಅಲ್ಲ. ಆದ್ರ ಅವ ಹೋದ ದಿನದಿಂದ ನಮ್ಮವ್ವನ ಕೈಲೆ ಒಂದು ಗ್ಲಾಸು ನೀರು ಇಸಗೊಳ್ಳಲಿಲ್ಲ. ಅಡಿಗಿ ಮಾಡಾಕಿ ಅವ್ವ, ಅಜ್ಜಿಗೆ ಬಡಸಾಕಿ ನಾನು. ಹತ್ತು ವರ್ಷ. ಅವ್ವ ಒಂದು ದಿನ ಬಾಯಿ ಬಿಟ್ಟು ಅಳಲಿಲ್ಲ. ಹಂಗ ಒಣಗಿ ಹೋದ್ಲು. ನಿಮ್ಮ ಕಾಲಿಗೆ ಬೀಳ್ತೀನಿ, ನಮ್ಮಜ್ಜಿ ಮಾಡಿದ್ದು ನೀವು ಮಾಡಬ್ಯಾಡ್ರಿ."

ನಿಜವಾಗಿಯೂ ಕೈ ಚಾಚಿದರು. ಮುದುಕಿ ಗಾಬರಿಯಿಂದ ಆ ಕೈ ಹಿಡಿದುಕೊಂಡಳು. ಹೊರಗೆ ಯಾರೋ ಕಬ್ಬಿಣ ಕತ್ತರಿಸುತ್ತಿದ್ದ ಸದ್ದು ನಿಂತು ಮತ್ತೆ ಶುರುವಾಯಿತು.

"ನಿಮ್ಮಜ್ಜಿ ಕಡೀಕರೆ ಇಸಗೊಂಡ್ಲೇನ್ರಿ, ನೀರು?" ಎಂದು ಮುದುಕಿ ಕೇಳಿದಳು.

"ಕಡೀ ದಿನ ನಮ್ಮವ್ವನ ಹೆಸರು ಹಿಡದು ಬೇಡಿದ್ಲು. ಆಗ ಅವ್ವ ಇದ್ದಿದ್ದಿಲ್ಲ."

ಮುದುಕಿ ಸೊಸೆಯ ಕಡೆ ನೋಡಲಿಲ್ಲ. ಮೊಮ್ಮಗನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಆ ಊದಿದ ಕಾಲನ್ನು ಅಂಗೈಯಲ್ಲಿ ಹಿಡಿದು ಕೇಳಿದಳು:

"ಇಂವನ್ನ ಆಡಾಕ ಬಿಡಬಹುದೇನ್ರಿ? ಎಷ್ಟರ ಮಟ್ಟಿಗೆ?"

ಅವರು ಊರಿಗೆ ಹೋಗಲಿಲ್ಲ. ಆ ಕಟ್ಟಡ ಮುಗಿದ ಮೇಲೂ, ಆಸ್ಪತ್ರೆ ಹತ್ತಿರವಿರಲೆಂದು ಆ ಕಡೆಯೇ ಒಂದು ಕೋಣೆ ಹಿಡಿದು ಉಳಿದರು. ಮಗ ಶಾಲೆಗೆ ಸೇರಿದ. ತಾಯಿ ದಿನಕ್ಕೊಮ್ಮೆ ಅಕ್ಕೋರ ಮನೆಗೆ ಬಂದು ಹೋಗುತ್ತಿದ್ದಳು. ಮೊದಮೊದಲು ಕೆಲಸದ ನೆಪ, ಆಮೇಲೆ ನೆಪವೂ ಬೇಕಾಗಲಿಲ್ಲ. ಅತ್ತೆ ಸೊಸೆ ಜಗಳವಾಡುತ್ತಲೇ ಇದ್ದರು. ಆದರೆ ಒಂದೇ ಗಂಗಾಳದ ರೊಟ್ಟಿ ಮುರಿದು ತಿನ್ನುತ್ತ ಜಗಳವಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಅಕ್ಕೋರು ಆಮೇಲೆ ಹೊಸ ವಂಶವೃಕ್ಷ ಬರೆಯಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕಣ್ಣು ಮಂಜಾಗಿತ್ತು ಎನ್ನುವುದೂ ನಿಜ.

ಹೋದ ವರ್ಷ ಅವರು ಹೋದರು. ಒಂದು ವಾರದ ಜ್ವರ, ಆಮೇಲೆ ಉಸಿರಾಟದ ತೊಂದರೆ. ಕೊನೆಯ ಮಧ್ಯಾಹ್ನ ನಾವಿಬ್ಬರೂ ಹಾಸಿಗೆಯ ಎರಡು ಬದಿಗೆ ಇದ್ದೆವು, ನಾನು ಮತ್ತು ಆ ಯಾದಗಿರಿಯ ತಾಯಿ. ಪುಣೆಯಲ್ಲಿದ್ದ ದೂರದ ಸಂಬಂಧಿಕರಿಗೆ ಬರಲಾಗಲಿಲ್ಲ. ಅವಳ ಗಂಡನೂ ಅವನ ಜೊತೆಯ ಗಾರೆಯವರೂ ಹೆಗಲು ಕೊಟ್ಟರು.

ಸ್ಮಶಾನದ ಕಚೇರಿಯಲ್ಲಿ ಗುಮಾಸ್ತ ದಪ್ಪ ವಹಿ ತೆರೆದು ಹೆಸರು, ವಯಸ್ಸು ಬರೆದುಕೊಂಡ. ತೀರಿಕೊಂಡವರು ನಿಮಗೆ ಏನಾಗಬೇಕು ಎಂದು ತೆಲುಗಿನಲ್ಲಿ ಕೇಳಿದ. ನಾನು ಅವರ ಶಿಷ್ಯೆ ಎಂದೆ. ಅದು ನಡೆಯುವುದಿಲ್ಲ, ರಕ್ತಸಂಬಂಧಿಕರು ಯಾರಿದ್ದಾರೆ ಎಂದ. ಅಷ್ಟು ವರ್ಷ ಅವರ ಮನೆಯ ಮೆಟ್ಟಿಲು ಹತ್ತಿ ಇಳಿದ ನನ್ನಲ್ಲಿ ಆ ಖಾಲಿ ಜಾಗಕ್ಕೆ ಬರೆಸಲು ಒಂದು ಶಬ್ದ ಇರಲಿಲ್ಲ.

"ಮಾ ಚಿನ್ನಮ್ಮ," ಎಂದಳು ನನ್ನ ಪಕ್ಕದಲ್ಲಿದ್ದವಳು. ನಮ್ಮ ಚಿಗವ್ವ, ಅವ್ವನ ತಂಗಿ. ಒಂದಿಷ್ಟೂ ತಡವರಿಸಲಿಲ್ಲ.

ಗುಮಾಸ್ತ ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಸಿಮೆಂಟಿನಿಂದ ಬಿರುಕುಬಿಟ್ಟ ಅವಳ ಕೈ, ಇಂಗ್ಲಿಷಿನಲ್ಲಿದ್ದ ಅಕ್ಕೋರ ಪಿಂಚಣಿ ಗುರುತಿನ ಚೀಟಿ. ನಂಬಿದನೋ, ಹಿಂದೆ ನಿಂತ ಸಾಲು ಉದ್ದವಾಗಿದ್ದುದಕ್ಕೋ, ಬರೆದುಕೊಂಡ. ಆಮೇಲೆ ನನ್ನ ಕಡೆ ಪೆನ್ನು ತೋರಿಸಿ, "ಈಮೆ?" ಎಂದ, ಈಕೆ ಯಾರೆಂದು.

ಅವಳು ನನ್ನ ಮೊಣಕೈ ಹಿಡಿದು ಮೇಜಿನ ಹತ್ತಿರಕ್ಕೆ ಎಳೆದಳು.

"ಮಾ ಅಕ್ಕ," ಎಂದಳು.

ಅವನು ಅದನ್ನೂ ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ ನಾನು ಸಹಿ ಮಾಡಿದೆ.